ಅಮ್ಮನ ತವರಿನ ಕೋಳಿ

ನನ್ನನ್ನು ಹೆತ್ತು, ಬಾಣಂತನ ಮುಗಿಸಿಕೊಂಡು ಅಮ್ಮ ತವರಿನಿಂದ ಹೊರಟಾಗ ಅಜ್ಜಿ ಅವಳ ಜೊತೆ ಬೋಳುಕತ್ತಿನ ಒಂದು ಹೇಂಟೆಯನ್ನು ಕಳಿಸಿದ್ದಳಂತೆ. ದೇವನಹಳ್ಳಿ ಪಕ್ಕದ ನಮ್ಮ ಅಂಗಳದಲ್ಲಿ ಕೆದಕಿಕೊಂಡಿದ್ದ ಕೋಳಿಗಳೆಲ್ಲ ಅದರದೇ ಸಂತಾನ. ಬುಟ್ಟಿಯಲ್ಲಿ ಹುಲ್ಲು ಹಾಸಿ ಹೇಂಟೆಯನ್ನು ಕಾವಿಗೆ ಕೂರಿಸುವಾಗ ಅಮ್ಮ ನಮ್ಮನ್ನು ಹತ್ತಿರ ಸುಳಿಯಲೂ ಬಿಡುತ್ತಿರಲಿಲ್ಲ. ಮುಂದೆ ವಿಮಾನ ನಿಲ್ದಾಣಕ್ಕೆ ಅವಳ ತವರೂರೇ ಹೋಯಿತು. ಮನೆ, ಬಾವಿ, ಹುಣಸೆಮರ ಯಾವುದೂ ಉಳಿಯಲಿಲ್ಲ. ಆಮೇಲೆ ಅಮ್ಮ ಕೋಳಿಗಳನ್ನು ಬೈಯುವುದನ್ನೂ ಕಡಿಮೆ ಮಾಡಿದಳು.

ಜಮೀನು ಹೋದ ಮೇಲೆ ಸೋದರಮಾವ ದೊಡ್ಡಬಳ್ಳಾಪುರದ ಕಡೆ ಕೋಳಿಮರಿ ಫಾರಂ ಒಂದರಲ್ಲಿ ಕೆಲಸಕ್ಕೆ ಸೇರಿದ. ಒಮ್ಮೆ ತನ್ನ ಅಕ್ಕನಿಗೆಂದು ರಟ್ಟಿನ ಡಬ್ಬಿಯ ತುಂಬ ಹೊಸ ತಳಿಯ ಮರಿ ತಂದ. ವಿಜ್ಞಾನಿಗಳು ಆರಿಸಿ ಆರಿಸಿ ಬೆಳೆಸಿದ ಜಾತಿ, ಬೇಗ ಮೈ ತುಂಬುತ್ತದೆ, ಕಾವಿಗೆ ಕೂತು ಕಾಲ ಕಳೆಯುವ ಚಾಳಿಯನ್ನೇ ತೆಗೆದುಹಾಕಿದ್ದಾರೆ, ಮೊಟ್ಟೆ ಇಡುತ್ತಲೇ ಇರುತ್ತವೆ ಎಂದ. ಎಲ್ಲ ಬಯೋಟೆಕ್ನಾಲಜಿ ಎಂದು ಗತ್ತಿನಿಂದ ಸೇರಿಸಿದ. ಅಮ್ಮ ಅವಕ್ಕೆ ಟೆಕ್ನಾಲಜಿ ಕೋಳಿ ಎಂದೇ ಹೆಸರಿಟ್ಟಳು.

ಸುಳ್ಳು ಹೇಳಬಾರದು, ಆ ಕೋಳಿಗಳ ದಯದಿಂದ ನಾವು ಹೊಟ್ಟೆ ತುಂಬ ಮೊಟ್ಟೆ ತಿಂದೆವು. ಆದರೆ ಅವುಗಳ ದಪ್ಪ ಹುಂಜಗಳು ನಮ್ಮ ಹುಂಜಗಳನ್ನು ಅಂಗಳಕ್ಕೇ ಸೇರಿಸಲಿಲ್ಲ. ಅಟ್ಟಿಸಿಕೊಂಡು ಸೊರಗಿದವನ್ನೆಲ್ಲ ನಾವೇ ಒಂದೊಂದಾಗಿ ಸಾರು ಮಾಡಿಕೊಂಡೆವು. ಅಮ್ಮನಿಗೆ ಎಚ್ಚರವಾಗುವಷ್ಟರಲ್ಲಿ ಮರಿಗಳೆಲ್ಲ ಬೆರಕೆಯಾಗಿದ್ದವು. ತವರಿನದೆಂದು ಉಳಿದಿದ್ದು ಒಂದೇ ಮುದಿ ಹೇಂಟೆ. ಅದೂ ಹೋದರೆ ಮುಗಿಯಿತು.

ಮಾವ ಸಮಾಧಾನ ಹೇಳಲು ಬಂದ. "ಕೋಳಿಗೇನಕ್ಕಾ, ಇನ್ನೊಂದು ಡಬ್ಬಿ ತಂದ್ಕೊಡ್ತೀನಿ ಬಿಡು."

"ಊರೂ ತಂದ್ಕೊಡ್ತೀಯೇನೋ?" ಎಂದಳು ಅಮ್ಮ.

ಮಾವ ಕಾಫಿಯನ್ನೂ ಕುಡಿಯದೆ ಹೊರಟುಬಿಟ್ಟ. ನನಗೆ ಇಬ್ಬರನ್ನೂ ಕಂಡು ಅಯ್ಯೋ ಅನ್ನಿಸಿತು.

ನಮ್ಮ ಕಡೆ ಕೋಳಿಯನ್ನು ವಾರಕ್ಕೆ, ಅಂದರೆ ಪಾಲಿಗೆ, ಕೊಡುವುದುಂಟು. ಸಾಕಿದವರು ಹುಟ್ಟಿದ ಮರಿಗಳಲ್ಲಿ ಅರ್ಧವನ್ನು ಕೋಳಿ ಕೊಟ್ಟವರಿಗೆ ಕೊಡಬೇಕು. ಟೆಕ್ನಾಲಜಿ ಬರುವ ಮೊದಲು ಅಮ್ಮ ದೇವನಹಳ್ಳಿ ಕೋಟೆಯೊಳಗಿನ ಟೈಲರ್ ಸಾಬರ ಹೆಂಡತಿಗೆ ಹಾಗೆ ಒಂದು ಹೇಂಟೆ ಕೊಟ್ಟು, ಮರೆತೇಬಿಟ್ಟಿದ್ದಳು. ಈಗ ನೆನಪಾದದ್ದೇ ತಡ, ನನ್ನನ್ನು ಎಳೆದುಕೊಂಡು ಬಸ್ಸು ಹತ್ತಿದಳು. ಆ ಸಂದಿ ಮನೆಯ ಹಿಂದೆ ನಾಲ್ಕಾರು ಬೋಳುಕತ್ತುಗಳು ಓಡಾಡಿಕೊಂಡಿದ್ದವು. ಅಮ್ಮ ಬಾಯಿ ತೆರೆಯುವ ಮೊದಲೇ ಆಕೆ, "ನಿಮ್ ಪಾಲು ಹಂಗೇ ಐತೆ ಅಕ್ಕಾ, ನೀವೇ ಬರ್ಲಿಲ್ಲ," ಎಂದು ಒಂದು ಹುಂಜ, ಎರಡು ಹೇಂಟೆ ಹಿಡಿದುಕೊಟ್ಟಳು. ಅಮ್ಮ ಆಕೆಯ ಕೈ ಹಿಡಿದುಕೊಂಡಳು.

ಮರುದಿನ ಬೆಳಗಿನ ಜಾವ ಆ ಹುಂಜ ಕೂಗಿತು. ಅಮ್ಮ ಚಾಪೆಯ ಮೇಲೆ ಎದ್ದು ಕೂತಳು. ನಾನು ಮಲಗಿಕೊಂಡೇ ಏನಮ್ಮಾ ಎಂದು ಕೇಳಿದೆ.

"ನಮ್ಮಪ್ಪನ ಮನೇಲಿ ಬೆಳಗಾಯ್ತು ಕಣೇ," ಎಂದಳು.