ಸತ್ತ ಮರಿಯ ತೊಗಲು

ಲೂಯಿಸ್ ದ್ವೀಪದ ಮರ್ಡೀನಾಳ ಬಾಯಿಗೆ ಪಾದ್ರಿಯೂ ಹೆದರುತ್ತಿದ್ದ. ಅಂಥ ಗಟ್ಟಿಗಿತ್ತಿ ಎಪ್ಪತ್ತು ದಾಟಿದರೂ ಕ್ರಿಸ್ತನ ಸಾವಿನ ನೆನಪಿಗೆ ಚರ್ಚಿನಲ್ಲಿ ರೊಟ್ಟಿ ಹಂಚುವ ಪ್ರಭುವಿನ ಭೋಜನದ ಮೇಜಿಗೆ ಒಮ್ಮೆಯೂ ಹೋದವಳಲ್ಲ. ಲೋಕ ಹುಟ್ಟುವ ಮೊದಲೇ ದೇವರು ತನ್ನವರನ್ನು ಆರಿಸಿಟ್ಟಿದ್ದಾನೆ. ಆರಿಸದವರು ಆ ರೊಟ್ಟಿ ಮುಟ್ಟಿದರೆ ಶಿಕ್ಷೆಯನ್ನೇ ಉಂಡಂತೆ. ಈ ಹೆದರಿಕೆಯಲ್ಲೇ ಅರ್ಧ ಊರು ಹಿಂದಿನ ಬೆಂಚಿನಲ್ಲಿ ಮುದಿಯಾಯಿತು. ಇದು ಭಕ್ತಿಯೋ ಹಟವೋ, ಆ ದೇವರೇ ಬಲ್ಲ!

ಅವಳ ತಮ್ಮ ಟಾರ್ಕಿಲ್ ಸಭೆಯ ಹಿರಿಯ. ಹಿರಿಯರು ವಿಚಾರಿಸಿ ಮೊದಲೇ ಕೊಟ್ಟ ಸೀಸದ ಬಿಲ್ಲೆಯನ್ನು ಮೇಜಿಗೆ ಬರುವವರಿಂದ ಈಸಿಕೊಂಡು ಒಳಗೆ ಬಿಡುವವನು ಅವನೇ. ಅವನ ಹೃದಯ ಕೈಕೊಡುತ್ತಿದೆ ಎಂದು ಡಾಕ್ಟರು ಹೇಳಿಯಾಗಿತ್ತು. ಭೋಜನದ ಮುನ್ನಾದಿನ, ಶನಿವಾರ ಬೆಳಗ್ಗೆ, ಏದುಸಿರು ಬಿಡುತ್ತ ಅಕ್ಕನ ಕುರಿದೊಡ್ಡಿಗೆ ಬಂದ.

"ಅಕ್ಕಾ, ನಾಳೆ ನನ್ನ ಜೊತೆ ಕೂತ್ಕೋ. ಮುಂದಿನ ಸಲಕ್ಕೆ ನಾನಿರ್ತೀನೋ ಇಲ್ವೋ."

"ಸುಮ್ನಿರೋ! ನನ್ನಲ್ಲಿ ಏನು ಕಂಡು ಆರಿಸ್ತಾನೆ ಅವನು? ಈ ನಾಲಿಗೇನಾ?"

ಮಾತಿನ ನಡುವೆಯೂ ಕೈ ಓಡುತ್ತಿತ್ತು. ಒಂದು ಕುರಿಯ ಮರಿ ಸತ್ತಿತ್ತು. ಅದರ ತೊಗಲು ಸುಲಿದು, ತಬ್ಬಲಿ ಮರಿಯೊಂದಕ್ಕೆ ಅಂಗಿಯ ಹಾಗೆ ತೊಡಿಸಿ ಆ ತಾಯಿಕುರಿಯ ಮುಂದೆ ಬಿಟ್ಟಳು. ಕುರಿ ಮೂಸಿತು, ಮತ್ತೆ ಮೂಸಿತು. ಆಮೇಲೆ ಸುಮ್ಮನೆ ನಿಂತು ಹಾಲು ಕುಡಿಸಿತು.

"ಅಷ್ಟೊಂದು ತಬ್ಬಲಿಗಳಲ್ಲಿ ಈ ಬಡಕಲೇ ಯಾಕೆ? ಏನು ಗುಣ ಕಂಡೆ ಇದರಲ್ಲಿ?" ಎಂದ ಟಾರ್ಕಿಲ್.

"ಗುಣ ಎಲ್ಲಿಂದ ಬರ್ಬೇಕು! ನಿಲ್ಲೋಕೂ ತ್ರಾಣ ಇಲ್ಲ ಅದಕ್ಕೆ. ನನಗೆ ಬೇಕು ಅನ್ನಿಸ್ತು, ಎತ್ಕೊಂಡೆ. ಕುರಿ ನಂದು, ಕೇಳೋಕೆ ನೀನ್ಯಾರು?"

"ಸರಿ. ಮತ್ತೆ ತಾಯಿ ಯಾಕೆ ಒದೀಲಿಲ್ಲ?"

"ಸತ್ತ ಮರಿ ತೊಗಲು ಇದರ ಮೈಮೇಲೆ..." ಮರ್ಡೀನಾಳ ಮಾತು ಅಲ್ಲೇ ನಿಂತಿತು. ತನ್ನವರಿಗೆ ಬದಲಾಗಿ ಕ್ರಿಸ್ತ ಸತ್ತ ಎಂಬುದನ್ನು ಅವಳು ಚಿಕ್ಕಂದಿನಲ್ಲೇ ಬಾಯಿಪಾಠ ಮಾಡಿದ್ದಳು. ಪ್ರತಿ ವಸಂತದಲ್ಲೂ ತೊಗಲು ಸುಲಿದಿದ್ದಳು. ಎರಡೂ ಒಂದೆಡೆ ಸೇರಿದ್ದು ಇವತ್ತೇ. ಕಣ್ಣು ತುಂಬಿತು, ಜೊತೆಗೆ ಸಿಟ್ಟೂ ಬಂತು.

"ಮುಂಡೇದೇ, ಇಷ್ಟು ವರ್ಷ ಯಾಕೋ ಹೇಳ್ಲಿಲ್ಲ?"

"ನಿನ್ನ ಬಾಯಿ ಎಲ್ಲಿ ಬಿಡುವು ಕೊಡ್ತು, ಅಕ್ಕಾ?"

ಅಂದು ಸಂಜೆಯೇ ಅವಳು ಹಿರಿಯರ ಮುಂದೆ ನಿಂತು ಬಿಲ್ಲೆ ಪಡೆದಳು. ಮರುದಿನ ಕೀರ್ತನೆ ಶುರುವಾದಾಗ ಹಿಂದಿನ ಬೆಂಚಿನಿಂದ ಎದ್ದಳು. ಸಭೆಯೆಲ್ಲ ಕತ್ತು ಹೊರಳಿಸಿ ನೋಡಿತು. ಮೇಜಿನ ಬಳಿ ಬಂದಾಗ ಮಾತ್ರ ಅವಳ ಧೈರ್ಯ ಉಡುಗಿತು. ಬಿಲ್ಲೆಯನ್ನು ಕೊಡದೆ ಮುಷ್ಟಿಯಲ್ಲೇ ಬಿಗಿಹಿಡಿದು ನಿಂತಳು.

ಟಾರ್ಕಿಲ್ ಮೆಲ್ಲಗೆ ಕೇಳಿದ: "ಕುರಿ ಯಾರದ್ದು, ಅಕ್ಕಾ?"

"ಅವನದು ಕಣೋ," ಎಂದು ಬಿಲ್ಲೆಯನ್ನು ಅವನ ಕೈಯಲ್ಲಿಟ್ಟಳು. "ಜರುಗು, ಕೂರೋಕೆ ಜಾಗ ಬಿಡು."