ಅವ್ವ ನನ್ನ ಜೀವನಾಂಶ ಹೆಚ್ಚಿಸಿದ್ದು

ನನಗೆ ನಾಲ್ಕು ವರ್ಷವಾಗಿದ್ದಾಗ ನಮ್ಮ ಕುಲದ ಪಂಚಾಯಿತಿ ಅವ್ವನಿಗೂ ಅಪ್ಪನಿಗೂ ಬಿಡುಗಡೆ ಮಾಡಿತು. ಅಪ್ಪ ಇನ್ನೊಬ್ಬಳನ್ನು ತಂದುಕೊಂಡಿದ್ದ. ಅವ್ವ ತಾಳಿ ಬಿಚ್ಚಿ ಕುಲದ ಯಜಮಾನರ ಮುಂದಿಟ್ಟು, ನನ್ನನ್ನು ಎತ್ತಿಕೊಂಡು ಮದ್ದೂರು ಕಡೆಯ ಕೊಪ್ಪದ ತವರಿಗೆ ಬಂದಳು. ನನ್ನ ಪಾಲನೆಗೆ ಅಪ್ಪ ಎಷ್ಟು ಕೊಡಬೇಕೆಂಬ ಮಾತು ಬಂದಾಗ ಯಜಮಾನರು ನನ್ನ ಕಡೆ ಒಮ್ಮೆ ನೋಡಿ, "ಈ ಕೂಸು ಎಷ್ಟು ತಿಂದಾತು? ತಿಂಗ್ಳಿಗೆ ಎಳ್ಡು ರೂಪಾಯಿ ಕೊಡ್ಲಿ ಬುಡಿ" ಎಂದರಂತೆ. ಲೆಕ್ಕ ಅಲ್ಲಿಗೆ ಮುಗಿಯಿತು.

ಆಮೇಲೆ ಎರಡನೆಯ ಮಹಾಯುದ್ಧ ಬಂತು. ರಾಗಿ, ಬಟ್ಟೆ, ಸೀಮೆಎಣ್ಣೆ ಎಲ್ಲದರ ಬೆಲೆ ಏರಿತು. ಅಪ್ಪ ಮಂಡ್ಯದ ಸಕ್ಕರೆ ಕಾರ್ಖಾನೆಗೆ ಸೇರಿ ತಿಂಗಳ ಸಂಬಳದವನಾದ. ನಾನು ಶಾಲೆಗೆ ಹೋಗುತ್ತಿದ್ದೆ. ಎರಡು ರೂಪಾಯಿ ಮಾತ್ರ ಎರಡಾಗಿಯೇ ಉಳಿದಿತ್ತು. ಅವ್ವ ಯಜಮಾನರ ಮನೆಗೆ ಹೋಗಿ ಕೇಳಿದಳು.

"ಒಂದ್ಸಲ ಆದ ತೀರ್ಮಾನವ ಮತ್ತೆ ಎತ್ಬಾರ್ದು ಕಣಮ್ಮ" ಎಂದರು ಅವರು.

"ತೀರ್ಮಾನ ಅಲ್ಲೇ ನಿಂತದೆ. ನನ್ ಮಗ್ಳು ನಿಂತಿಲ್ವಲ್ಲ, ಬೆಳೀತಾ ಅವ್ಳೆ. ನಿಮ್ ಕೈಲಿ ಆಗಕಿಲ್ಲ ಅಂದ್ರೆ ಮಂಡ್ಯ ಕೋರ್ಟಿಗೆ ಓಯ್ತೀನಿ."

ಗಂಡಸಿನ ಮೇಲೆ ಕೋರ್ಟು ಹತ್ತಿದ ಹೆಂಗಸು ನಮ್ಮೂರಲ್ಲಿ ಅದುವರೆಗೆ ಇರಲಿಲ್ಲ. ಅಜ್ಜಿ ಅತ್ತಳು. ಸೋದರಮಾವ ಮಾತು ಬಿಟ್ಟ. ಅವ್ವ ನನ್ನ ಕೈ ಹಿಡಿದುಕೊಂಡು ಮದ್ದೂರಿನವರೆಗೆ ನಡೆದು, ಅಲ್ಲಿ ರೈಲು ಹತ್ತಿದಳು.

ಕೋರ್ಟಿನ ಮುಂದೆ ಹೊಂಗೆ ಮರದ ಕೆಳಗೆ ಅರ್ಜಿ ಬರೆದುಕೊಡುವ ಮುದುಕ ಸಾಬರೊಬ್ಬರು ಕೂತಿದ್ದರು. "ನಿನಗೂ ಕೇಳ್ಬೇಕೋ, ಮಗೂಗೆ ಮಾತ್ರವೋ?" ಎಂದರು.

"ನನ್ಗೇನೂ ಬ್ಯಾಡ ಸಾಬ್ರೇ, ರಟ್ಟೆ ಇನ್ನೂ ಗಟ್ಟಿ ಅದೆ. ಮಗ್ಳಿಗೆ ಬರೀರಿ."

"ಅವನ ದುಡಿಮೆ ಎಷ್ಟು, ಮಗೂಗೆ ಖರ್ಚೆಷ್ಟು, ಇದೇ ಕೋರ್ಟು ಕೇಳೋದು ತಾಯಿ. ಸರಿಯಾಗಿ ಹೇಳು" ಎಂದು ಅವರು ಲೇಖನಿ ತೆಗೆದರು. ರಾಗಿ, ಉಪ್ಪು, ತಲೆಗೆ ಎಣ್ಣೆ, ಲಂಗದ ಬಟ್ಟೆ, ಬಳಪ, ಜ್ವರಕ್ಕೆ ಔಷಧಿ ಎಂದು ಅವ್ವ ಒಂದೊಂದಾಗಿ ಹೇಳಿದಳು. ತಿಂಗಳಿಗೆ ಎಂಟು ರೂಪಾಯಿ ಬೇಕೆಂದು ಅರ್ಜಿಯಾಯಿತು.

ಮೊದಲ ವಾಯಿದೆಯಲ್ಲಿ ಅಪ್ಪ ಸಂಬಳವನ್ನು ಅರ್ಧಕ್ಕಿಳಿಸಿ ಹೇಳಿದ. ಮ್ಯಾಜಿಸ್ಟ್ರೇಟರು ಕಾರ್ಖಾನೆಯಿಂದ ಕಾಗದ ತರಿಸಿದರು. ಎರಡನೆಯ ವಾಯಿದೆಯಲ್ಲಿ ಅದನ್ನು ಓದಿದಾಗ ಅಪ್ಪ ಮಾತು ಬದಲಿಸಿದ. "ನನ್ಗೆ ಇನ್ನೂ ಎಳ್ಡು ಮಕ್ಳವೆ ಸ್ವಾಮಿ. ಈ ಮಗೀನೂ ನನ್ ಮನೆಗೇ ಕಳಿಸ್ಲಿ, ಅನ್ನ ಆಕ್ತೀನಿ."

ಅವ್ವನ ಕೈ ನನ್ನ ಭುಜದ ಮೇಲೆ ಬಿಗಿಯಾಯಿತು. ಮ್ಯಾಜಿಸ್ಟ್ರೇಟರು ನನ್ನನ್ನೇ ಕೇಳಿದರು. "ಏನಮ್ಮ, ತಂದೆ ಮನೆಗೆ ಹೋಗ್ತೀಯಾ?"

ನನಗೆ ಹತ್ತು ವರ್ಷ. ಕೋಪ ಬಂದಿತ್ತು. "ಇಷ್ಟು ವರ್ಸ ಬದ್ಕಿದ್ದೀನಾ ಅಂತ ಕೇಳ್ದೋರಲ್ಲ ಸ್ವಾಮಿ. ನಾನು ಓಗಕಿಲ್ಲ" ಎಂದೆ.

ಆ ಇಬ್ಬರು ಮಕ್ಕಳನ್ನೂ ಗಣನೆಗೆ ತೆಗೆದುಕೊಂಡು ಮ್ಯಾಜಿಸ್ಟ್ರೇಟರು ತಿಂಗಳಿಗೆ ಆರು ರೂಪಾಯಿ ಎಂದು ಆಜ್ಞೆ ಮಾಡಿದರು. ಮುಂದೆ ಸ್ಥಿತಿಗತಿ ಬದಲಾದರೆ ಯಾರು ಬೇಕಾದರೂ ಮತ್ತೆ ಬಂದು ಕೇಳಬಹುದು ಎಂದೂ ತಿಳಿಸಿದರು. ಆ ಮಾತು ಆರು ರೂಪಾಯಿಗಿಂತ ಹೆಚ್ಚು ಅವ್ವನಿಗೆ ಹಿಡಿಸಿತು. ರೈಲಿನಲ್ಲಿ ನನ್ನ ಕೈಲಿ ಅದನ್ನೇ ಎರಡು ಸಲ ಹೇಳಿಸಿದಳು.

ಮರುವರ್ಷ ಮೂರು ತಿಂಗಳು ಹಣ ಬರಲಿಲ್ಲ. ಅವ್ವ ಯಾರನ್ನೂ ಕೇಳದೆ ಮತ್ತೆ ಮಂಡ್ಯಕ್ಕೆ ಹೋದಳು. ಅಪ್ಪನ ಮೇಲೆ ವಾರಂಟು ಹೊರಟಿತು. ಬಾಕಿಯೆಲ್ಲ ಒಟ್ಟಿಗೆ ಬಂತು. ಬಾವಿಯ ಹತ್ತಿರ ಯಾರೋ ಮುದುಕಿ, "ಗಂಡಸ್ನ ಮಾನ ಕಳ್ದಲ್ಲೇ" ಎಂದಳು. ಅವ್ವ ಕೊಡ ಎತ್ತುತ್ತಾ, "ಮಗೀಗೆ ಅನ್ನ ಕೊಡೋದ್ರಲ್ಲಿ ಓಗೋ ಮಾನ ಓಗ್ಲಿ ಬುಡಜ್ಜಿ" ಎಂದು ನಡೆದಳು.

ನಾನು ಓದು ಮುಗಿಸಿ ಮಳವಳ್ಳಿ ಕಡೆಯ ಶಾಲೆಯೊಂದಕ್ಕೆ ಉಪಾಧ್ಯಾಯಿನಿಯಾಗಿ ಸೇರಿದೆ. ಅಪ್ಪ ಆ ಹಣವನ್ನು ಮನಸಾರೆ ಕೊಟ್ಟನೋ ಇಲ್ಲವೋ ನಾನು ಎಂದೂ ಕೇಳಲಿಲ್ಲ. ಕೊಡಬೇಕಾಗಿತ್ತು, ಕೊಟ್ಟ.