ಆರೋಗ್ಯದ ಕಾಲಂ ಇಲ್ಲದ ಅರ್ಜಿ

ಆ ಅರ್ಜಿಯನ್ನು ತುಂಬಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈಗ ನನಗೆ ಹಲವರ ಮೇಲೆ ಸಿಟ್ಟಿದೆ. ಆ ಸಿಟ್ಟನ್ನು ಬರೆಯುವ ಮೊದಲು ಇದರಲ್ಲಿ ನನ್ನ ಕೈ ಎಷ್ಟಿತ್ತು ಎಂಬುದು ಓದುವವರಿಗೆ ಗೊತ್ತಿರಲಿ.

ನನ್ನ ತಮ್ಮ ಒಂಬತ್ತು ವರ್ಷ ಸೈನ್ಯದಲ್ಲಿದ್ದ. ಒಂದು ದಿನ ಅಭ್ಯಾಸದ ವೇಳೆ ತೀರ ಹತ್ತಿರದಲ್ಲಿ ಆದ ಸ್ಫೋಟಕ್ಕೆ ಅವನ ಎಡಗಿವಿ ಪೂರ್ತಿ ಹೋಯಿತು, ಬಲಗಿವಿಯೂ ಮಂದವಾಯಿತು. ಅದರಲ್ಲಿ ಯಾರ ತಪ್ಪೂ ಇರಲಿಲ್ಲ ಎಂದು ಅವನೇ ಹೇಳುತ್ತಾನೆ. ಕೆಲವು ತಿಂಗಳು ಆಸ್ಪತ್ರೆ, ತಪಾಸಣೆ ಎಲ್ಲ ಆದವು. ಕೊನೆಗೆ ಸೇವೆಗೆ ಯೋಗ್ಯನಲ್ಲ ಎಂಬ ಷರಾ ಇದ್ದ ಕಾಗದವನ್ನು ಟ್ರಂಕಿನ ತಳದಲ್ಲಿಟ್ಟುಕೊಂಡು ನಮ್ಮೂರು ಬೆಳಂಬಾರದ ಮನೆಗೆ ಬಂದ. ಆಗ ಅವನಿಗೆ ಮೂವತ್ತು. ಮದುವೆಯಾಗಿರಲಿಲ್ಲ. ಮನೆಯಲ್ಲಿ ನಮ್ಮ ತಾಯಿ, ಆಯಿ, ಒಬ್ಬಳೇ ಇದ್ದಳು. ನಾನು ಕಾರವಾರದಲ್ಲಿ ಶಾಲೆಯ ಕೆಲಸದಲ್ಲಿದ್ದೇನೆ. ಇಂಗ್ಲಿಷ್ ಕಲಿಸುತ್ತೇನೆ.

ಬಂದ ವರ್ಷವೇ ಬಾಳೆಗುಳಿಯ ಹತ್ತಿರ, ಹೆದ್ದಾರಿಗೆ ತಾಗಿದ ಒಂದು ಗೋದಾಮಿನ ಗೇಟಿನಲ್ಲಿ ಅವನಿಗೆ ಕಾವಲು ಕೆಲಸ ಸಿಕ್ಕಿತು. ಕೊಟ್ಟ ನೀಲಿ ಅಂಗಿಯನ್ನು ಇಸ್ತ್ರಿ ಮಾಡಿಯೇ ಹಾಕಿಕೊಳ್ಳುತ್ತಿದ್ದ. ಗೇಟಿನ ಕಂಬಕ್ಕೆ ಎಡಭುಜ ತಾಗಿಸಿ, ಬಲಗಿವಿಯನ್ನು ರಸ್ತೆಯ ಕಡೆ ಇಟ್ಟು ನಿಲ್ಲುತ್ತಿದ್ದ. ನೋಡಿದವರಿಗೆ ಅದು ಸೋಮಾರಿಯ ನಿಲುವಿನಂತೆ ಕಾಣುತ್ತಿತ್ತು. ಲಾರಿಗಳು ರಸ್ತೆಯಿಂದ ಬಂದರೆ ಅವನಿಗೆ ಗೊತ್ತಾಗುತ್ತಿತ್ತು. ಒಳಗಿನಿಂದ ಹೊರಟ ಲಾರಿ ಎಡಗಡೆಯಿಂದ ಹಾರ್ನ್ ಹೊಡೆದರೆ ಗೊತ್ತಾಗುತ್ತಿರಲಿಲ್ಲ.

ಒಂದು ಗಣರಾಜ್ಯೋತ್ಸವದ ದಿನ ಶಾಲೆಯ ಧ್ವಜಾರೋಹಣ ಮುಗಿಸಿ ಬೆಳಂಬಾರಕ್ಕೆ ಹೊರಟಿದ್ದೆ. ಬಾಳೆಗುಳಿಯಲ್ಲಿ ಇಳಿದು ಅವನನ್ನು ಮಾತಾಡಿಸಿಕೊಂಡು ಹೋಗೋಣ ಅನಿಸಿತು. ಬೆಳಿಗ್ಗೆ ಗೋದಾಮಿನವರು ಧ್ವಜ ಏರಿಸಿ ಅವನಿಗೆ ಶಾಲು ಹೊದಿಸಿದ್ದರಂತೆ. ವೀರಯೋಧ ಎಂದು ಕರೆದು ಫೋಟೋ ತೆಗೆಸಿಕೊಂಡಿದ್ದರಂತೆ. ನಾನು ಹೋಗುವಾಗ ಶಾಲು ಮಡಿಚಿ ಪ್ಲಾಸ್ಟಿಕ್ ಕುರ್ಚಿಯ ಕೆಳಗಿತ್ತು. ನಾವಿಬ್ಬರೂ ಮಾತಾಡುತ್ತಿದ್ದಂತೆ ಒಳಗಿನಿಂದ ಒಂದು ಲಾರಿ ಹಾರ್ನ್ ಹೊಡೆಯಿತು. ಮೂರನೆಯ ಸಲಕ್ಕೆ ನಾನೇ ಅವನ ತೋಳು ಮುಟ್ಟಿದೆ. ಲಾರಿಯ ಕ್ಲೀನರ್ ಬಾಗಿಲಿನಿಂದ ಅರ್ಧ ಹೊರಗೆ ಬಾಗಿದ.

"ಏ ಮಿಲ್ಟ್ರಿ, ಕಿವಿ ಮನೇಲೆ ಬಿಟ್ಟಿಕೆ ಬಂದ್ಯಾ?"

ತಮ್ಮ ಓಡಿ ಗೇಟು ತೆಗೆದ. ಗೋದಾಮಿನ ಮೇಲ್ವಿಚಾರಕ ಅಲ್ಲೇ ನಿಂತಿದ್ದ. ಬೆಳಿಗ್ಗೆ ಶಾಲು ಹೊದಿಸಿದ ಮನುಷ್ಯನೇ ಅವನು. ಅವನೂ ನಕ್ಕ. ಆ ನಗುವಿನಲ್ಲಿ ವಿಶೇಷವಾದ ಕೆಟ್ಟತನವೇನೂ ಇರಲಿಲ್ಲ. ಎಲ್ಲರೂ ನಗುವ ಹಾಗೆ ನಕ್ಕ. ನನಗೆ ಇಂದಿಗೂ ತಡೆಯಲಾಗದ್ದು ಅದೇ.

ಅದಾಗಿ ಕೆಲವು ತಿಂಗಳಿಗೆ, ಒಂದು ಭಾನುವಾರ, ತಮ್ಮ ಕಾರವಾರದ ನನ್ನ ಮನೆಗೆ ಬಂದ. ತನ್ನ ಜೊತೆ ಸೇವೆಯಲ್ಲಿದ್ದ ಗೆಳೆಯನೊಬ್ಬ ಬೇರೆ ದೇಶದ ಸೈನ್ಯ ಸೇರಿದ್ದಾನೆ ಎಂದು ಮೊಬೈಲಿನಲ್ಲಿ ಫೋಟೋ ತೋರಿಸಿದ. ಹಿಮದ ಮೇಲೆ ಹೊಸ ಸಮವಸ್ತ್ರದಲ್ಲಿ ನಿಂತ ಒಬ್ಬ ಮನುಷ್ಯ. ಆ ದೇಶ ಯುದ್ಧದಲ್ಲಿತ್ತು. ಅನುಭವ ಇದ್ದವರನ್ನು ಹೊರಗಿನಿಂದ ತೆಗೆದುಕೊಳ್ಳುತ್ತಾರೆ, ಗೋವಾದಲ್ಲಿ ಒಬ್ಬ ಏಜೆಂಟ್ ಇದ್ದಾನೆ, ಅರ್ಜಿ ತುಂಬಿ ಕಳಿಸಿದರೆ ಮುಂದಿನದೆಲ್ಲ ಅವನೇ ನೋಡಿಕೊಳ್ಳುತ್ತಾನೆ ಎಂದ. ಅರ್ಜಿ ಇಂಗ್ಲಿಷಿನಲ್ಲಿತ್ತು. ಅವನು ಅದನ್ನು ಮುದ್ರಿಸಿಕೊಂಡೇ ಬಂದಿದ್ದ.

"ನೀ ಬರ್ದ್ರೆ ಚಂದ ಕಾಣ್ತದೆ ಅಕ್ಕಾ. ನನ್ನ ಅಕ್ಷರ ನೋಡಿದ್ರೆ ಗೇಟಿಗೇ ನಿಲ್ಸ್ತ್ರು."

ನಾನು ಬೇಡ ಎಂದೆ. ಎರಡು ಸಲ ಎಂದೆ. ಮೂರನೆಯ ಸಲ ಪೆನ್ನು ತೆಗೆದುಕೊಂಡೆ. ತೆಗೆದುಕೊಂಡವಳು ಕೆಳಗಿಡದೆ ಬರೆದದ್ದು ಅವನ ಮುಖದಿಂದಾಗಿ. ಯಾವ ಯಾವ ಶಸ್ತ್ರ ಬಳಸಿದ್ದೀರಿ ಎಂಬ ಕಾಲಂ ಬಂದಾಗ ಅವನು ಕುರ್ಚಿಯಲ್ಲಿ ನೆಟ್ಟಗೆ ಕುಳಿತ. ಒಂದೊಂದೇ ಹೆಸರು ಹೇಳಿದ. ಯಾವುದನ್ನು ಎಷ್ಟು ಹೊತ್ತಿನಲ್ಲಿ ಬಿಚ್ಚಿ ಜೋಡಿಸುತ್ತಿದ್ದೆ ಎಂದು ಕೈಯಲ್ಲೇ ತೋರಿಸಿದ. ಊರಿಗೆ ಬಂದ ಮೇಲೆ ಅವನು ಅಷ್ಟು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ನನ್ನ ತಮ್ಮ ಮರಳಿ ಬಂದ ಎಂದು ಒಂದು ಕ್ಷಣ ಸಂತೋಷವೂ ಆಯಿತು.

"ಕಿವಿ ವಿಷ್ಯ ಎಲ್ಲಿ ಬರಿಲಿ?" ಎಂದು ಕೇಳಿದೆ.

"ಕಾಲಂ ಇದ್ರೆ ಬರಿ."

ಹುಡುಕಿದೆ. ನಾಲ್ಕು ಪುಟ ತಿರುವಿ ಹಾಕಿದೆ. ಎತ್ತರ ಕೇಳಿದ್ದರು, ಬೂಟಿನ ಅಳತೆ ಕೇಳಿದ್ದರು. ಆರೋಗ್ಯದ ಕಾಲಂ ಇರಲಿಲ್ಲ. ತಮ್ಮ ಮೇಜಿಗೆ ಅಂಗೈ ಬಡಿದು ನಕ್ಕ. "ನೋಡ್ದ್ಯಾ? ಅವ್ರಿಗೆ ಮನ್ಸ ಬೇಕು. ಕಿವಿ ಅಲ್ಲ."

ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು. ಮೃತಪಟ್ಟಲ್ಲಿ ದೇಹವನ್ನು ಸ್ವದೇಶಕ್ಕೆ ಕಳಿಸುವುದು ಪರಿಸ್ಥಿತಿಯನ್ನು ಅವಲಂಬಿಸಿದೆ ಎಂದು. ಅದನ್ನು ಗಟ್ಟಿಯಾಗಿ ಓದಿ ಕನ್ನಡದಲ್ಲಿ ಹೇಳಿದೆ. ಅವನ ಬಲಗಡೆ ಕುಳಿತೇ ಹೇಳಿದೆ.

"ಅದೆಲ್ಲಾ ಎಲ್ಲಾ ಫಾರಮ್ಮಲ್ಲೂ ಇರ್ತದೆ ಅಕ್ಕಾ. ಕೆಳಗೆ ನಿನ್ನ ಹೆಸ್ರು ಬರಿ, ಫೋನ್ ನಂಬ್ರ ಬರಿ."

ಸುದ್ದಿ ಯಾರಿಗೆ ತಿಳಿಸಬೇಕು ಎಂಬ ಕಾಲಂ ಅದು. ಬರೆದೆ. ಯುದ್ಧಕ್ಕೆ ಜನರನ್ನು ಕರೆಯುವ ಒಂದು ದೇಶ, ಬಂದವನಿಗೆ ಕಿವಿ ಕೇಳಿಸುತ್ತದೋ ಇಲ್ಲವೋ ಎಂದು ವಿಚಾರಿಸುವುದಿಲ್ಲ ಎಂದರೆ, ಅವನು ಎಷ್ಟು ದಿನ ಇರುತ್ತಾನೆಂದು ಅದು ಎಣಿಸಿರಬಹುದು? ಈ ಪ್ರಶ್ನೆ ನನಗೆ ಅಂದೇ ಬರಬೇಕಿತ್ತು. ವ್ಯಾಕರಣದ ಕಡೆ ಗಮನವಿತ್ತು.

ಇನ್ನುಳಿದದ್ದು ಆಯಿಯ ಒಪ್ಪಿಗೆ. ಅವಳ ಒಪ್ಪಿಗೆ ಇಲ್ಲದೆ ಅವನು ಹೊರಡುವವನಲ್ಲ. ದೇವಿಯ ಪ್ರಸಾದ ಕೇಳದೆ ಅವಳು ಒಪ್ಪುವವಳಲ್ಲ. ನಮ್ಮೂರಲ್ಲಿ ಬಾವಿ ತೋಡುವುದಿದ್ದರೂ ಹೆಣ್ಣು ಕೊಡುವುದಿದ್ದರೂ ಹಾಗೆಯೇ. ದೇವಿಯ ಪೂಜೆ ಮಾಡುವ ಗುನಗರು ಒದ್ದೆ ಮಾಡಿದ ಹೂವಿನ ಎಸಳುಗಳನ್ನು ಮೂರ್ತಿಯ ಎಡಬಲಕ್ಕೆ ಅಂಟಿಸುತ್ತಾರೆ. ಕೇಳಬೇಕಾದ್ದನ್ನು ದೇವಿಗೆ ಗಟ್ಟಿಯಾಗಿ ಹೇಳುತ್ತಾರೆ. ಬಲಗಡೆಯ ಎಸಳು ಮೊದಲು ಬಿದ್ದರೆ ಆಗಬಹುದು. ಎಡಗಡೆಯದಾದರೆ ಬೇಡ. ಹೇಳುವ ಮಾತು ಮಾತ್ರ ಸರಿಯಾಗಿರಬೇಕು. ಇಟ್ಟ ಪ್ರಶ್ನೆಗಷ್ಟೇ ದೇವಿಯ ಉತ್ತರ.

ತಮ್ಮ ಆಯಿಗೆ ಹೇಳಿದ್ದು ಹೊರದೇಶದಲ್ಲಿ ಕಾವಲು ಕೆಲಸ ಎಂದು. ಆಯಿ ಅದನ್ನೇ ಗುನಗರಿಗೆ ಹೇಳಿದಳು. ಗುನಗರು ಅದನ್ನೇ ದೇವಿಗೆ ಹೇಳಿದರು. "ಹುಡುಗ ಹೊರದೇಶಕ್ಕೆ ಗೇಟು ಕಾಯೂ ಕೆಲ್ಸಕ್ಕೆ ಹೊಂಟಾನೆ ತಾಯೀ. ಒಳ್ಳೇದಾಗೂದಾದ್ರೆ ಬಲಗಡೆ ಕೊಡು." ನಾನು ಆಯಿಯ ಹಿಂದೆ ನಿಂತಿದ್ದೆ. ತುಂಬಿದ ಅರ್ಜಿಯ ಪ್ರತಿ ನನ್ನ ಚೀಲದಲ್ಲೇ ಇತ್ತು. ತಮ್ಮ ಒಮ್ಮೆ ತಿರುಗಿ ನನ್ನನ್ನು ನೋಡಿದ. ನಾನು ಬಾಯಿ ತೆರೆಯಲಿಲ್ಲ. ಎರಡು ಮೂರು ನಿಮಿಷ ಆಗಿರಬೇಕು. ಬಲಗಡೆಯ ಎಸಳು ಬಿತ್ತು.

ಆಯಿಯ ಸಂತೋಷಕ್ಕೆ ಮಿತಿ ಇರಲಿಲ್ಲ. ಕೇರಿಯಲ್ಲಿ ಕಂಡವರಿಗೆಲ್ಲ ಹೇಳಿದಳು. ಅವನ ಜೊತೆ ಕಳಿಸಲು ಒಣಸಿಗಡಿ ಹುರಿಯಲು ಶುರು ಮಾಡಿದಳು. ಹೊರಡುವ ದಿನ ಗುರುವಾರ ಎಂದು ಗೋವಾದಿಂದ ಸುದ್ದಿ ಬಂತು. ಅದರ ಹಿಂದಿನ ಮಂಗಳವಾರ ಶಾಲೆಗೆ ರಜೆ ಹಾಕಿ ನಾನು ಬೆಳಂಬಾರಕ್ಕೆ ಹೋದೆ. ಆಯಿ ಒಲೆಯ ಮುಂದೆ ಸಿಗಡಿ ಕೈಯಾಡಿಸುತ್ತ ಕುಳಿತಿದ್ದಳು. ನನ್ನನ್ನು ಅವಳು ಈಗಲೂ ತಂಗಿ ಎಂದೇ ಕರೆಯುವುದು.

"ತಂಗೀ, ಆ ದೇಶದಲ್ಲಿ ಗೇಟಿನ ಹತ್ರ ಕೂತ್ಕಳ್ಳೂಕೆ ಕುರ್ಚಿ ಕೊಡ್ತ್ರಾ? ಇಲ್ಲಿ ಇಡೀ ದಿನ ನಿತ್ಕಂಡೇ ಇರ್ತಾನೆ ನೋಡು."

ನಾನು ಹೇಳಿಬಿಟ್ಟೆ. ಗೇಟಲ್ಲ, ಸೈನ್ಯ ಎಂದೆ. ಅಲ್ಲಿ ಯುದ್ಧ ನಡೆಯುತ್ತಿದೆ ಎಂದೆ. ಅರ್ಜಿ ಬರೆದದ್ದು ನಾನು ಎಂದೂ ಹೇಳಿದೆ.

ಆಯಿ ಬಾಣಲೆಯನ್ನು ಇಳಿಸಿದಳು. ಸೆರಗಿನಿಂದ ಒಂದೊಂದೇ ಬೆರಳು ಒರೆಸಿಕೊಂಡಳು.

"ಪ್ರಸಾದ ಕೇಳೂವಾಗ ನೀ ಅಲ್ಲೇ ಇದ್ದೆ ಅಲಾ?"

"ಇದ್ದೆ ಆಯೀ."

"ದೇವಿ ಮುಂದೆ ನನ್ನ ಬಾಯಲ್ಲಿ ಸುಳ್ಳು ಹೇಳ್ಸಿದ್ರಿ ಇಬ್ರೂ."

ಹೊಡೆದಿದ್ದರೆ ಹಗುರಾಗುತ್ತಿತ್ತು.

ಸಂಜೆ ತಮ್ಮ ಬಂದ. ವಿಷಯ ತಿಳಿದು ನನ್ನ ಮುಂದೆ ಬಂದು ನಿಂತ. "ಇಷ್ಟು ದಿನ ಬಾಯಲ್ಲಿ ಎಂತ ಇಟ್ಕಂಡಿದ್ಯೇ ಅಕ್ಕಾ? ಇನ್ನೆರಡು ದಿನ ಅದ್ನೇ ಇಟ್ಕಳ್ಳೂಕೆ ಆಗ್ಲಿಲ್ವಾ?" ಎಂದ. ಆಯಿ ನಡುವೆ ಬಂದಳು. ನಾಳೆ ಬೆಳಿಗ್ಗೆ ಮತ್ತೆ ಪ್ರಸಾದ ಕೇಳುವುದು, ಈ ಸಲ ಅವನೇ ತನ್ನ ಬಾಯಿಂದ ಇದ್ದದ್ದು ಇದ್ದ ಹಾಗೆ ಹೇಳಬೇಕು, ಬಲಗಡೆ ಬಿದ್ದರೆ ತಾನು ತಡೆಯುವುದಿಲ್ಲ ಎಂದಳು. ತಮ್ಮ ಒಪ್ಪಿದ. ಬಲಗಡೆಯೇ ಬೀಳುತ್ತದೆ ಎಂದು ಅವನಿಗೆ ನಂಬಿಕೆ ಇತ್ತು. ನನಗೆ ಅದೇ ಭಯವಿತ್ತು.

ಬುಧವಾರ ಬೆಳಿಗ್ಗೆ ಗುಡಿಯಲ್ಲಿ ನಾವು ಮೂವರು, ಗುನಗರು, ಬೇರೆ ಯಾರೂ ಇರಲಿಲ್ಲ. ತಮ್ಮ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಹಿಮ್ಮಡಿ ಜೋಡಿಸಿ ನಿಂತಿದ್ದ.

"ಎಂತ ಕೇಳೂದಾ ತಮಾ?" ಎಂದರು ಗುನಗರು.

"ಬೇರೆ ದೇಶದ ಸೈನ್ಯಕ್ಕೆ ಸೇರೂಕೆ ಹೋಗ್ತೆ. ಅಲ್ಲಿ ಯುದ್ಧ ಅದೆ. ಹೋಗ್ಲಾ ಬೇಡ್ವಾ ಕೇಳಿ."

ಗುನಗರು ಆಯಿಯ ಮುಖ ನೋಡಿದರು. ಆಯಿ ತಲೆಯಾಡಿಸಿದಳು. ಅವರು ಬೇರೆ ಏನೂ ಹೇಳದೆ ಗರ್ಭಗುಡಿಯ ಒಳಗೆ ಹೋದರು. ನಮಗೆ ಎಡಗಡೆಯಾಗುವ ಮೂಲೆಯಲ್ಲಿ ನೀರಿನ ತಂಬಿಗೆ ಇರುತ್ತದೆ. ಅಲ್ಲಿ ಬಗ್ಗಿ ಎಸಳುಗಳನ್ನು ಒದ್ದೆ ಮಾಡುತ್ತ, ಬೆನ್ನು ನಮ್ಮ ಕಡೆ ಇದ್ದ ಹಾಗೆಯೇ ಕೇಳಿದರು.

"ಯುದ್ಧ ಅಂದ್ರೆ ಯಾರ ಮೇಲೆ? ಅವ್ರು ನಿಂಗೆ ಎಂತ ಮಾಡ್ಯಾರೆ? ದೇವಿಗೆ ಹೇಳ್ಬೇಕಲಾ."

ತಮ್ಮ ಮಾತಾಡಲಿಲ್ಲ. ದೇವಿಯ ಮುಖವನ್ನೇ ನೋಡುತ್ತಿದ್ದ. ಗುನಗರು ಅವನಿಗೆ ಉತ್ತರ ತೋಚಲಿಲ್ಲ ಎಂದುಕೊಂಡಿರಬೇಕು. ಸ್ವಲ್ಪ ತಡೆದು ಮತ್ತೆ ಕೇಳಿದರು. "ಎಂತ ಮಾಡ್ಯಾರಾ ತಮಾ ಅವ್ರು ನಿಂಗೆ?"

ಅವನು ಹಾಗೆಯೇ ನಿಂತಿದ್ದ. ರೆಪ್ಪೆ ಕೂಡ ಅಲುಗಲಿಲ್ಲ. ಆಗ ನನಗೆ ತಿಳಿಯಿತು. ಆಯಿಗೂ ತಿಳಿಯಿತು. ಮನೆಯಲ್ಲಿ ಅವನು ಯಾವಾಗಲೂ ಆಯಿಯನ್ನು ಬಲಗಡೆ ಕೂರಿಸಿಕೊಂಡೇ ಊಟ ಮಾಡುತ್ತಿದ್ದ. ಕಿವಿ ಇಷ್ಟು ಪೂರ್ತಿ ಹೋಗಿದೆ ಎಂದು ಅವಳಿಗೆ ಆವರೆಗೆ ಗೊತ್ತಿರಲಿಲ್ಲ. ಅವಳು ಅವನ ಬಲಗಡೆಗೆ ಬಂದು ತೋಳು ಹಿಡಿದಳು.

"ಗುನಗರು ಕೇಳ್ತಾ ಇದ್ರು."

"ಗೊತ್ತಾತು," ಎಂದ ತಮ್ಮ.

"ಎಂತ ಕೇಳಿದ್ರು?"

ಅವನು ಗುನಗರ ಬಾಯಿಯ ಕಡೆ ನೋಡಿದ. ಹೇಳಲು ಅವನಿಗೆ ಗೊತ್ತಿರಲಿಲ್ಲ. ಗುನಗರು ಅಂಗೈಯಲ್ಲಿ ಎಸಳು ಹಿಡಿದು ಮೂರ್ತಿಯ ಪಕ್ಕ ನಿಂತಿದ್ದರು.

"ಬೇಡ, ಹಚ್ಬೇಡಿ," ಎಂದಳು ಆಯಿ. "ಇಷ್ಟು ಹತ್ರದ ಮಾತು ಇವಂಗೆ ಗೊತ್ತಾಗೂದಿಲ್ಲ. ಗುಂಡು ಯಾವ ಬದಿಂದ ಬತ್ತದೆ ಅಂತ ಹೆಂಗೆ ಗೊತ್ತಾತದೆ? ಇದ್ನ ದೇವಿ ಹತ್ರ ಎಂತಕ್ಕೆ ಕೇಳೂದು? ಹೋಗೂದು ಬೇಡ. ನಾನೇ ಹೇಳ್ತೆ."

ಗುನಗರು ಎಸಳುಗಳನ್ನು ಹರಿವಾಣಕ್ಕೆ ಹಾಕಿದರು.

ಗುರುವಾರ ಅವನು ಗೋವಾಕ್ಕೆ ಹೋಗಲಿಲ್ಲ. ಏಜೆಂಟ್ ಐದಾರು ಸಲ ಫೋನು ಮಾಡಿ ಬೈದು ಸುಮ್ಮನಾದ. ಶುಕ್ರವಾರ ಬೆಳಿಗ್ಗೆ ತಮ್ಮ ನೀಲಿ ಅಂಗಿ ಹಾಕಿಕೊಂಡು ಬಾಳೆಗುಳಿಯ ಗೇಟಿಗೆ ಹೋದ. ಹುರಿದ ಸಿಗಡಿಯನ್ನು ಆಯಿ ಕೇರಿಯವರಿಗೆ ಹಂಚಿದಳು. ಮನೆಯಲ್ಲಿ ಯಾರೂ ಅದನ್ನು ಮುಟ್ಟಲಿಲ್ಲ.

ಆಮೇಲೆ ಅವನು ಬಹಳ ದಿನ ನನ್ನ ಹತ್ತಿರ ಮಾತಾಡಲಿಲ್ಲ. ಕಳೆದ ತಿಂಗಳು ಊರಿಗೆ ಹೋಗುವಾಗ ನಾನೇ ಗೇಟಿನ ಹತ್ತಿರ ಇಳಿದೆ. ಅವನ ಬಲಗಡೆಗೆ ಹೋಗಿ ನಿಂತೆ. ಅವನು ಜೇಬಿನಿಂದ ಮೊಬೈಲು ತೆಗೆದು ತೋರಿಸಿದ. ಹಿಮದ ಮೇಲೆ ನಿಂತಿದ್ದ ಆ ಗೆಳೆಯನಿಗೆ ಕಳಿಸಿದ ಸಂದೇಶಗಳು ಸಾಲಾಗಿದ್ದವು. ದಿನಕ್ಕೊಂದು. ಎಲ್ಲಿದ್ದೀ, ಹೇಗಿದ್ದೀ ಎಂದು ಹಿಂದಿಯಲ್ಲಿ. ಎಲ್ಲದರ ಪಕ್ಕದಲ್ಲೂ ಒಂದೇ ಟಿಕ್ ಗುರುತು. ಒಂದೂ ತಲುಪಿರಲಿಲ್ಲ.

"ನಾ ಹೋಗಿದ್ರೆ ಅಂವ ಒಬ್ನೇ ಆಗ್ತಿರ್ಲಿಲ್ಲ," ಎಂದ.

ನಾನು ಅವನನ್ನು ಬದುಕಿಸಿದೆ ಎಂದು ಹೇಳಿಕೊಳ್ಳಲು ಹೊರಟಿದ್ದೆನೇನೋ. ಆದರೆ ನನ್ನ ಅಕ್ಷರದಲ್ಲಿರುವ ಅರ್ಜಿ ಇನ್ನೂ ಆ ಏಜೆಂಟನ ಹತ್ತಿರ ಇದೆ. ಗೆಳೆಯನ ಮನೆಯಲ್ಲಿ ಯಾವ ಅಕ್ಕ, ಯಾವ ಹೆಂಡತಿ ಅಂಥದೇ ನಾಲ್ಕು ಪುಟ ತುಂಬಿದ್ದಳೋ ನನಗೆ ಗೊತ್ತಿಲ್ಲ. ಸುದ್ದಿ ತಿಳಿಸಬೇಕಾದವರ ಕಾಲಮ್ಮಿನಲ್ಲಿ ತನ್ನ ಹೆಸರು ಬರೆದು ಕಾಯುತ್ತಿರಬಹುದು. ಅವಳಿಗೆ ಯಾರೂ ಫೋನು ಮಾಡಿರಲಿಕ್ಕಿಲ್ಲ.

ಒಳಗಿನಿಂದ ಲಾರಿಯೊಂದು ಹಾರ್ನ್ ಹೊಡೆಯಿತು. ತಮ್ಮ ಇನ್ನೂ ಮೊಬೈಲು ನೋಡುತ್ತಿದ್ದ. ಎರಡನೆಯ ಸಲ ಹೊಡೆಯಿತು. ಅವನ ತೋಳು ಮುಟ್ಟಲು ಕೈ ಎತ್ತಿದ್ದೆ. ಮುಟ್ಟಲಿಲ್ಲ. ನಾನೇ ಹೋಗಿ ಗೇಟು ತೆಗೆದೆ. ಕ್ಲೀನರ್ ಏನೋ ಹೇಳಲು ಬಾಯಿ ತೆರೆದವನು, ಸೀರೆ ಉಟ್ಟ ಹೆಂಗಸು ಗೇಟು ಹಿಡಿದು ನಿಂತದ್ದನ್ನು ಕಂಡು ಸುಮ್ಮನಾದ. ಲಾರಿ ಹೆದ್ದಾರಿಗೆ ಇಳಿಯುವವರೆಗೂ ನಾನು ಆ ಕ್ಲೀನರನ ಮುಖವನ್ನೇ ನೋಡುತ್ತಿದ್ದೆ.